ಒಂದಕ್ಷರ ಬಿಡದೆ

"ಏ ಮೂರು ನಾಲಿಗೇ, ಆ ಎಮ್ಮೆಗೆ ಹೇಳೇ, ಕೈ ಬಚ್ಚಿಟ್ಕೊಂಡು ನಿಂತ್ಕೊ ಅಂತ!"

ಸೂಪರ್‌ವೈಸರ್ ಸಾಹೇಬರು ಕೂಗಿದ್ದು ಆಫೀಸಿನ ಭಾಷೆಯಲ್ಲಿ. ಎಮ್ಮೆ ಎಂದರೆ ಇಸ್ತ್ರಿ ಮಷೀನಿನ ಅಕ್ಕ. ಮೂರು ನಾಲಿಗೆ ಎಂದರೆ ನಾನು, ಗಾರ್ಮೆಂಟ್ಸಿನಲ್ಲಿ ನೆಲ ಒರೆಸುವವಳು. ನಮ್ಮ ಭಾಷೆ, ಆಫೀಸಿನ ಭಾಷೆ, ಬಟ್ಟೆ ಕೊಳ್ಳುವವರ ಭಾಷೆ ಮೂರೂ ನನಗೆ ಬರುತ್ತವೆಂದು ತಿಳಿದ ದಿನವೇ ಬಡ್ತಿ ಸಿಕ್ಕಿತ್ತು: ಒರೆಸುತ್ತಲೇ ಮಾತಾಡಬಹುದು.

"ಅಕ್ಕಾ, ಗಾಯಕ್ಕೆ ಗಾಳಿ ತಾಗದ ಹಾಗೆ ನಿಂತ್ಕೋಬೇಕಂತೆ."

"ಅವನ ಬಾಯಿಗೆ ಇಸ್ತ್ರಿ ಹಾಕ! ಕೆಟ್ಟ ಮಷೀನಿಗೆ ನನ್ನ ಕೈ ಕೊಟ್ಟ, ಬೋಳಿಮಗ."

"ಆಗ್ಲಿ ಸಾರ್ ಅಂತಿದಾಳೆ," ಎಂದೆ.

ನಾಲ್ಕು ವರ್ಷದಿಂದ ಇದೇ ಕೆಲಸ. ಸಾಹೇಬರ ಬೈಗುಳಕ್ಕೆ ಬೆಲ್ಲ ಸವರಿ ಮಷೀನಿನ ಹೆಂಗಸರಿಗೆ; ಇವರ ಶಾಪವನ್ನು ಒಗೆದು ಮಡಚಿ ಅವರಿಗೆ. ಹೆಂಗಸರಿಗೆ ತಮ್ಮ ಮೇಲೆ ಬಲು ಗೌರವವೆಂದು ಸಾಹೇಬರು ಪಾಪ, ಮನಸಾರೆ ನಂಬಿದ್ದಾರೆ.

ಅಷ್ಟರಲ್ಲಿ ಬಟ್ಟೆ ಕೊಳ್ಳುವವರ ಕಡೆಯ ತಪಾಸಣೆ ಮೇಡಂ ಬಂದರು. ಅವರ ಭಾಷೆ ಸಾಹೇಬರಿಗೆ ಬಾರದು, ನಗು ಮಾತ್ರ ಬರುತ್ತದೆ. ಮೇಡಂ ಅಕ್ಕನ ಬೆನ್ನ ಹಿಂದೆ ಬಗ್ಗಿ ನೋಡಿ, "ಕೈಗೇನಾಯ್ತು?" ಎಂದರು. ಅದನ್ನು ಸಾಹೇಬರಿಗೆ ದಾಟಿಸಿದೆ.

ಅವರು ನಗುತ್ತಲೇ ನನಗೆ ಹೇಳಿದರು: "ಮನೇಲಿ ಒಲೆ ಮೇಲೆ ಬಿದ್ಲು ಅನ್ನು. ಬೇರೇನಾದ್ರೂ ಬೊಗಳಿದ್ರೆ ನಾಳೆಯಿಂದ ಇಬ್ರೂ ಬೀದೀಲಿ."

ಕಾರ್ಖಾನೆಯ ಗಾಯವೆಂದು ಬರೆದರೆ ಅಕ್ಕನ ಬೆರಳಿಗೆ ಆಸ್ಪತ್ರೆ. ಮನೆಯ ಗಾಯಕ್ಕೆ ಮನೆಮದ್ದು. ಅಕ್ಕ ನನ್ನ ಬಾಯನ್ನೇ ನೋಡುತ್ತಿದ್ದಳು. ಮೇಡಂ ಪೆನ್ನು ಹಿಡಿದು ಕಾಯುತ್ತಿದ್ದರು.

ಒರೆಸುವ ಕೋಲನ್ನು ಗೋಡೆಗೆ ಒರಗಿಸಿದೆ.

"ಮನೇಲಿ ಒಲೆ ಮೇಲೆ ಬಿದ್ಲು ಅಂತ ನಿಮಗೆ ಹೇಳ್ಬೇಕಂತೆ ಮೇಡಂ. ಬೇರೇನಾದ್ರೂ ಬೊಗಳಿದ್ರೆ ನಾಳೆಯಿಂದ ಇಬ್ರೂ ಬೀದೀಲಂತೆ."

ಮೇಡಂ ತಲೆಯೆತ್ತಿ ಸಾಹೇಬರನ್ನು ನೋಡಿದರು. ಸಾಹೇಬರ ನಗು ಇನ್ನೂ ನಡೆದೇ ಇತ್ತು.

"ಏನಂದ್ಯೇ?"

"ನೀವು ಹೇಳಿದ್ದೇ ಸಾರ್. ಒಂದಕ್ಷರ ಬಿಟ್ಟಿಲ್ಲ."

ನಗು ನಿಂತಿತು. "ಮುಂಡೇದೇ! ಈ ಹಂದಿಗಳಿಗೋಸ್ಕರ ನನ್ನ ಹೊಟ್ಟೆ ಮೇಲೆ ಹೊಡೀತೀಯಾ?"

ಮಷೀನುಗಳ ಕಡೆ ತಿರುಗಿ ಅದನ್ನೂ ನಮ್ಮ ಭಾಷೆಯಲ್ಲಿ ಹೇಳಿದೆ, ಬೆಲ್ಲವಿಲ್ಲದೆ, ಕೊನೆಯ ಸಾಲಿಗೂ ಕೇಳುವಷ್ಟು ಜೋರಾಗಿ. ಆಗ ನುಂಗಿಕೊಂಡಿದ್ದ ಎಮ್ಮೆಯನ್ನೂ ಸೇರಿಸಿದೆ.

ಒಂದು ಮಷೀನು ನಿಂತಿತು. ಅದರ ಪಕ್ಕದ್ದು ನಿಂತಿತು. ಅಕ್ಕ ಕೈಗೆ ಸುತ್ತಿದ್ದ ಬಟ್ಟೆಯನ್ನು ಹಲ್ಲಿನಿಂದ ಬಿಚ್ಚತೊಡಗಿದಳು. ಹೆಂಗಸರೆಲ್ಲ ಒಟ್ಟಿಗೆ ಬಾಯಿ ತೆರೆದರು.

"ಇವರೆಲ್ಲ ಏನು ಹೇಳ್ತಿದಾರೆ?" ಮೇಡಂ ಕೇಳಿದರು.

"ನಾಲ್ಕು ವರ್ಷದ್ದಿದೆ ಮೇಡಂ," ಎಂದೆ. "ಕೂತ್ಕೊಂಡು ಬರ್ಕೊಳ್ಳಿ."