ಬಾಣದ ಗುರುತಿಗೆ ಹೊಸ ಕೆಲಸ

ನಮ್ಮ ಕಚೇರಿಯಲ್ಲಿ ಜಗಳವಾಡಲು ದೊಡ್ಡ ವಿಷಯವೇ ಬೇಕೆಂದಿಲ್ಲ. ಆ ಸಲ ಜಗಳ ಎರಡು ಚಿಹ್ನೆಗಳ ಮೇಲೆ ಬಂತು.

ನಾವು ಮಾಡುವುದು ಡೇಟಾಬೇಸ್. ಜನ ಅದರೊಳಗೆ ಮಾಹಿತಿ ತುಂಬುತ್ತಾರೆ, ಆಮೇಲೆ ನಾವೇ ಕಟ್ಟಿದ ಒಂದು ಭಾಷೆಯಲ್ಲಿ ಪ್ರಶ್ನೆ ಕೇಳಿ ಉತ್ತರ ತೆಗೆಯುತ್ತಾರೆ. ಆ ಭಾಷೆಯಲ್ಲಿ ಫಂಕ್ಷನ್‌ಗಳಿವೆ. ಪಾರ್ಸೆಲ್ ಕಳಿಸಲು ಎಷ್ಟಾಗುತ್ತದೆ ಎಂದು ಹೇಳುವ ಫಂಕ್ಷನ್ ಒಂದಿದೆ ಎನ್ನಿ. ಅದಕ್ಕೆ ತೂಕ, ದೂರ, ತುರ್ತೋ ಅಲ್ಲವೋ ಎಂಬುದು, ಮೂರನ್ನೂ ಇದೇ ಕ್ರಮದಲ್ಲಿ ಕೊಡಬೇಕು. ತೂಕದ ಜಾಗದಲ್ಲಿ ದೂರ ಬರೆದರೆ ಅದು ಚಕಾರವೆತ್ತದೆ ತಪ್ಪು ಉತ್ತರ ಕೊಡುತ್ತದೆ. ಪ್ರತಿಯೊಂದನ್ನೂ ಹೆಸರು ಹೇಳಿ ಕೊಡುವ ಸೌಲಭ್ಯ ಬೇಕೆಂದು ಗ್ರಾಹಕರು ವರ್ಷಗಳಿಂದ ನಮ್ಮ ತಲೆ ತಿನ್ನುತ್ತಿದ್ದರು. ಸರಿ, ಕೊಡೋಣ. ಆದರೆ ಹೆಸರಿಗೂ ಅದರ ಮೌಲ್ಯಕ್ಕೂ ನಡುವೆ ಯಾವ ಗುರುತು ಇಡುವುದು? ತೂಕ => 5 ಎಂದು ಬಾಣವೋ? ತೂಕ := 5 ಎಂದು ಚುಕ್ಕಿಗಳ ಪಕ್ಕ ಸಮ ಚಿಹ್ನೆಯೋ?

ಈ ಕಸುಬಿನ ದೊಡ್ಡವರೆಲ್ಲ ಬಾಣಕ್ಕೆ ಒಪ್ಪಿಯಾಗಿತ್ತು. ನಮ್ಮಲ್ಲಿ ಮಾತ್ರ ಬಾಣ ಖಾಲಿ ಇರಲಿಲ್ಲ. ಅದನ್ನು ಇದೇ ಕಚೇರಿಯಲ್ಲಿದ್ದ ನನ್ನ ಗಂಡ ಬಹಳ ಹಿಂದೆಯೇ ಬೇರೆ ಕೆಲಸಕ್ಕೆ ಹಚ್ಚಿದ್ದ. ಎಡಕ್ಕೊಂದು ಹೆಸರು, ಬಲಕ್ಕೊಂದು ಮೌಲ್ಯ. ಬಾಣ ಅವೆರಡನ್ನೂ ಗಂಟು ಹಾಕಿ ಒಂದು ಜೋಡಿ ಮಾಡಿ ಇಟ್ಟುಕೊಳ್ಳುತ್ತಿತ್ತು. ಫಂಕ್ಷನ್ನಿನ ಆವರಣ ಚಿಹ್ನೆಗಳೊಳಗೆ ಬಾಣ ಕಂಡರೆ ಅದು ಹಳೆಯ ಬಾಣವೋ ಹೊಸದೋ ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಹೊಸದು ಬರಬೇಕಾದರೆ ಅವನದು ಹೋಗಬೇಕಿತ್ತು.

ಜನ ಬರೆದ ಪ್ರಶ್ನೆಗಳನ್ನು ಓದಿ ಬಿಡಿಸುವ ಭಾಗ ನನ್ನ ಸುಪರ್ದಿಯಲ್ಲಿದೆ. ಹಾಗಾಗಿ ಕೊನೆಯ ಮಾತು ನನ್ನದು. ನನ್ನ ಗಂಡ ಆ ಚಳಿಗಾಲದಲ್ಲಿ ತೀರಿಕೊಂಡಿದ್ದ. ಬೆಳಿಗ್ಗೆ ಶೂ ಲೇಸು ಕಟ್ಟಲು ಬಗ್ಗಿದವನು ಮತ್ತೆ ಏಳಲಿಲ್ಲ. ನಾನು ಅಳಲಿಲ್ಲ. ಗಟ್ಟಿಗಿತ್ತಿ ಎಂದರು ಜನ. ಗಟ್ಟಿತನವೂ ಅಲ್ಲ, ಮಣ್ಣೂ ಅಲ್ಲ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ದವಡೆ ಮರಗಟ್ಟಿ ಇರುತ್ತದಲ್ಲ, ಹಾಗಿದ್ದೆ. ಮುಟ್ಟಿಕೊಂಡರೆ ಬೇರೆ ಯಾರದೋ ಕೆನ್ನೆ ಮುಟ್ಟಿದಂತೆ.

ಮನೆಯಲ್ಲಿ ಈಗ ನಾನು ಮತ್ತು ಅತ್ತೆ ಇಬ್ಬರೇ. ದಿನಾ ಸಂಜೆ ನಾನು ಚಪ್ಪಲಿ ಬಿಡುವಷ್ಟರಲ್ಲಿ ಅವರು ಕೇಳುತ್ತಿದ್ದರು.

"ಅವನ ಬಾಣ ನಡೀತಿದೆಯೇನೇ?"

"ನಡೀತಿದೆ ಅತ್ತೆ."

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಮಗ ಮಾಡಿಟ್ಟದ್ದು ಎಲ್ಲೋ ಯಾರದೋ ಕೆಲಸಕ್ಕೆ ಬರುತ್ತಿದೆ ಎನ್ನುವುದೊಂದೇ ಅವರಿಗೆ ಆಸರೆ ಎಂದುಕೊಂಡಿದ್ದೆ. ಬಾಣ ತೆಗೆದ ದಿನ ಅವರಿಗೆ ಏನು ಹೇಳುವುದು ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

ಸಭೆಯಲ್ಲಿ ನಾವು ಮೂವರು. ನಮ್ಮ ತಂಡದ ಮುಖ್ಯಸ್ಥರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಾರೆ. ಬೋರ್ಡಿನ ಮೇಲೆ ಬರೆಯದೆ ಅವರಿಗೆ ನೀರು ಕೇಳಲೂ ಬರುವುದಿಲ್ಲ. ಗ್ರಾಹಕರ ಗೋಳು ಕೇಳುವ ಗೆಳತಿಗೆ ದೂರುಪೆಟ್ಟಿಗೆ ಎಂಬ ಹೆಸರು ನಾನೇ ಇಟ್ಟದ್ದು.

"ಚುಕ್ಕಿ-ಸಮಾನೂ ಏನ್ ಕೆಟ್ಟದ್ದಲ್ಲ, ನೋಡಿ," ಎಂದರು ಮೇಷ್ಟ್ರು, ನನಗೆ ಬೆನ್ನು ಹಾಕಿ ಬೋರ್ಡು ಒರೆಸುತ್ತ. ಬೋರ್ಡಿನ ಮೇಲೆ ಏನೂ ಇರಲಿಲ್ಲ. ಹೋದ ವರ್ಷ ಇದೇ ಮನುಷ್ಯ ಚುಕ್ಕಿ-ಸಮ ಎಂದರೆ ಉರಿದು ಬೀಳುತ್ತಿದ್ದರು.

"ಹೌದ್ಹೌದು, ಜನ ರೂಢಿ ಮಾಡ್ಕೋತಾರೆ," ಎಂದಳು ದೂರುಪೆಟ್ಟಿಗೆ.

"ಬಾಣಾನೇ ಬೇಕು ಅಂತ ಗ್ರಾಹಕರು ಪ್ರಾಣ ತಿಂತಿದಾರೆ ಅಂದವಳು ನೀನೇ ಅಲ್ವಾ?" ಎಂದೆ.

ಅವಳು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕುಳಿತಳು.

ಇವರು ಭಾಷೆ ಕಟ್ಟುತ್ತಿರಲಿಲ್ಲ, ನನ್ನನ್ನು ಸಮಾಧಾನ ಮಾಡುತ್ತಿದ್ದರು. ಮುಂದೆ ಯಾರೋ ಹೊಸಬರು ಬಂದು, ಊರಿಗೆಲ್ಲ ಬಾಣ ಇದ್ದರೆ ಇಲ್ಲಿ ಮಾತ್ರ ಯಾಕೆ ಹೀಗೆ ಎಂದು ತಲೆ ಚಚ್ಚಿಕೊಂಡಾಗ, 'ಆಗ ಒಬ್ಬಳ ಗಂಡ ಸತ್ತಿದ್ದ, ಅದಕ್ಕೆ' ಎಂದು ಯಾರು ಹೇಳುತ್ತಾರೆ? ನನಗೆ ಕೋಪ ಬರಬೇಕಿತ್ತು. ಅದೂ ಬರಲಿಲ್ಲ.

"ಬಾಣಾನೇ ಇಡೋಣ," ಎಂದೆ. "ಹಳೇದನ್ನ ನಾನು ತೆಗೀತೀನಿ."

"ತೆಗೆಯೋದು ಬೇರೆ ಯಾರಾದ್ರೂ ಮಾಡ್ಲಿ ಬಿಡಿ," ಎಂದರು ಮೇಷ್ಟ್ರು.

"ಯಾಕೆ, ನನ್ನ ಕೈಗೇನಾಗಿದೆ?"

ಅವರು ಖಾಲಿ ಬೋರ್ಡನ್ನು ಇನ್ನೊಮ್ಮೆ ಒರೆಸಿದರು.

ಹಳೆಯ ಬಾಣ ಬಳಸುವವರಿಗೆ ಮುಂಚಿತವಾಗಿ ಎಚ್ಚರಿಕೆ ಕಳಿಸಿದೆವು. ಬಾಣ ಮಾಡುತ್ತಿದ್ದ ಕೆಲಸವನ್ನು ಇನ್ನು ಮೇಲೆ 'ಜೋಡಿ' ಎಂಬ ಫಂಕ್ಷನ್ ಮಾಡುತ್ತದೆ ಎಂದು ತಿಳಿಸಿದೆವು. ಗಡುವು ಮುಗಿದ ಮೇಲೆ ಒಂದು ಮಧ್ಯಾಹ್ನ ಕುಳಿತು ಬಾಣವನ್ನು ಕಿತ್ತೆ. ಹೆಚ್ಚು ಹೊತ್ತು ಹಿಡಿಯಲಿಲ್ಲ. ಮನುಷ್ಯ ಹೋದಷ್ಟೇ ಸಲೀಸು.

ಕಿತ್ತ ಮೇಲೆ ಪರೀಕ್ಷೆಗಳು ಉಳಿದವು. ಯಾವ ಗುರುತೇ ಆಗಲಿ, ನೆಟ್ಟಗೆ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಸಣ್ಣ ಸಣ್ಣ ಪರೀಕ್ಷೆಗಳನ್ನು ಬರೆದಿಟ್ಟಿರುತ್ತೇವೆ. ಸರಿಯಿದ್ದರೆ ಹಸಿರು, ತಪ್ಪಿದರೆ ಕೆಂಪು. ಬಾಣ ಹೋದ ಕೂಡಲೇ ಅವನು ಬರೆದ ಪರೀಕ್ಷೆಗಳೆಲ್ಲ ಕೆಂಪಾದವು. ಅವನ್ನು ಹೊಸ ರೀತಿಯಲ್ಲಿ ಬರೆಯಬೇಕಿತ್ತು. ಒಂದೇ ಏಟಿಗೆ ಎಲ್ಲವನ್ನೂ ಬದಲಿಸುವ ಉಪಾಯವೂ ಇದೆ. ನಾನು ಒಂದೊಂದನ್ನೇ ಕೈಯಾರೆ ಬರೆದೆ. ಯಾಕೆಂದು ಕೇಳಬೇಡಿ.

ಪರೀಕ್ಷೆಯಲ್ಲಿ ಏನು ತುಂಬಿದರೂ ನಡೆಯುತ್ತದೆ. ಬೇರೆಯವರು ಅ, ಆ, ಒಂದು, ಎರಡು ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಅವನು ನಮ್ಮ ಮನೆಯನ್ನೇ ತಂದು ತುಂಬಿದ್ದ. 'ಹೆಂಡತಿಯ ಕೋಪ' => 'ಮೂಗಿನ ತುದಿಯಲ್ಲಿ'. 'ಕೊಡೆ' => 'ಬಸ್ಸಿನಲ್ಲೇ ಉಳಿಯಿತು'. 'ಅಮ್ಮನ ಕನ್ನಡಕ' => 'ಅಮ್ಮನ ತಲೆ ಮೇಲೆ'. ಓದಿದೆ. ಇದು ನಗು ಬರುವ ಜಾಗ ಎಂದು ಗೊತ್ತಾಯಿತು. ಬಾಣ ಅಳಿಸಿ, ಜೋಡಿ ಎಂದು ಬರೆದು, ಮುಂದಿನ ಸಾಲಿಗೆ ಹೋದೆ.

ಕೊನೆಯ ಪರೀಕ್ಷೆ ಖಾಲಿ ಮೌಲ್ಯದ್ದು. ಹೆಸರಿದೆ, ಅದರ ಮುಂದೆ ಏನೂ ಇಲ್ಲ. ಆಗ ಆ ಹೆಸರು ಇದೆ ಎನ್ನಬೇಕೋ ಇಲ್ಲ ಎನ್ನಬೇಕೋ? ಏನೂ ಇಲ್ಲದ ಮೇಲೆ ಬರೀ ಹೆಸರು ಯಾತಕ್ಕೆ ಎಂದು ಆಗ ಮೇಷ್ಟ್ರ ವಾದ. ಇದ್ದು ಖಾಲಿಯಾಗಿರುವುದು ಬೇರೆ, ಇಲ್ಲವೇ ಇಲ್ಲ ಎನ್ನುವುದು ಬೇರೆ ಎಂದು ನನ್ನ ಗಂಡನ ಹಟ. ಊಟಕ್ಕೆ ಕುಳಿತಾಗಲೂ ಅದನ್ನೇ ಹೇಳಿ ನನ್ನ ತಲೆ ಕೊರೆದಿದ್ದ. ಕೊನೆಗೆ ಗೆದ್ದವನೂ ಅವನೇ. ಆ ಪರೀಕ್ಷೆಯಲ್ಲಿ ಹೆಸರಿನ ಜಾಗದಲ್ಲಿ 'ನಾನು' ಎಂದು ಬರೆದಿದ್ದ. ಬಾಣದ ಮುಂದೆ ಖಾಲಿ. ಕೆಳಗಿನ ಸಾಲು ಕೇಳುತ್ತಿತ್ತು: 'ನಾನು' ಇದೆಯೇ? ಬರಬೇಕಾದ ಉತ್ತರ: ಹೌದು.

ಬಾಣ ಅಳಿಸಿದೆ, ಜೋಡಿ ಎಂದು ಬರೆದೆ, ಪರೀಕ್ಷೆ ಓಡಿಸಿದೆ. ಹಸಿರಾಯಿತು. ಕಂಪ್ಯೂಟರ್ ಮುಚ್ಚಿ ಬಸ್ಸು ಹತ್ತಿದೆ.

ಅತ್ತೆ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಬೀನ್ಸಿನ ನಾರು ತೆಗೆಯುತ್ತಿದ್ದರು.

"ಅವನ ಬಾಣ ನಡೀತಿದೆಯೇನೇ?"

"ಇಲ್ಲ ಅತ್ತೆ. ಇವತ್ತು ತೆಗೆದೆ. ನಾನೇ ತೆಗೆದೆ."

ಅವರ ಕೈ ನಿಲ್ಲಲಿಲ್ಲ. ಇನ್ನೊಂದು ಬೀನ್ಸಿನ ತುದಿ ಮುರಿದರು.

"ತೆಗೀಲೇಬೇಕಿತ್ತಾ?"

"ತೆಗೀಬೇಕಿತ್ತು."

"ಹಾಗಿದ್ರೆ ಸರಿ."

"ನಿಮಗೆ ಬೇಜಾರಾಗತ್ತೆ ಅಂತ ಹೆದರಿದ್ದೆ."

"ನನಗೇನೇ ಗೊತ್ತು, ಬಾಣವೋ ಬಿಲ್ಲೋ," ಎಂದರು ಅತ್ತೆ. "ನೀನು ಬಂದವಳು ಬಾಯೇ ಬಿಡ್ತಿರ್ಲಿಲ್ಲ. ಒಂದು ಮಾತಾದ್ರೂ ಆಡ್ಲಿ ಅಂತ ಕೇಳ್ತಿದ್ದೆ."

ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಅವನು ಪರೀಕ್ಷೆಗಳಲ್ಲಿ ಬರೆದಿದ್ದನ್ನೆಲ್ಲ ಒಂದೊಂದಾಗಿ ಹೇಳುತ್ತ ಹೋದೆ. ಕೊಡೆ ಬಸ್ಸಿನಲ್ಲಿ ಉಳಿದದ್ದು, ನನ್ನ ಕೋಪ. ಕನ್ನಡಕದ ಮಾತು ಬಂದಾಗ ಅತ್ತೆಯ ಕೈ ತಾನಾಗಿ ತಲೆಗೆ ಹೋಯಿತು. ಕನ್ನಡಕ ಅಲ್ಲೇ ಇತ್ತು.

"ಪೋಕರಿ," ಎಂದರು. ಇನ್ನೊಂದು ಬೀನ್ಸು ಕೈಗೆತ್ತಿಕೊಂಡು ಕೇಳಿದರು, "ಎಲ್ಲಾರ ಬಗ್ಗೆ ಬರೆದಿದಾನೆ. ಅವನ ಬಗ್ಗೆ ಏನೂ ಬರ್ಕೊಂಡಿಲ್ವಾ?"

"ಬರ್ಕೊಂಡಿದಾನೆ. ನಾನು ಅಂತ ಇದೆ. ಅದರ ಮುಂದೆ ಏನೂ ಇಲ್ಲ, ಖಾಲಿ."

"ಅದನ್ನೂ ಅಳಿಸಿದೆಯಾ?"

"ಇಲ್ಲ ಅತ್ತೆ. ಅದು ಇದೆ. ಇದೆಯಾ ಅಂತ ಕೇಳಿದ್ರೆ ಇದೆ ಅಂತಾನೇ ಹೇಳತ್ತೆ."

ಅತ್ತೆ ತಲೆಯ ಮೇಲಿನ ಕನ್ನಡಕ ತೆಗೆದು ಮಡಚಿ ಬೀನ್ಸಿನ ಪಕ್ಕ ಇಟ್ಟರು. ಆಮೇಲೆ ಅತ್ತರು. ಮಗ ಹೋದ ಮೇಲೆ ಅವರು ಅತ್ತದ್ದು ಅದೇ ಮೊದಲು. ನಾನು ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡು ಕುಳಿತೆ. ನನಗಿನ್ನೂ ಅಳು ಬಂದಿರಲಿಲ್ಲ.