ಚಟ್ನಿ ಯಂತ್ರದ ಹದಿನೇಳನೇ ಚೀಟಿ

ನಮ್ಮ ಮನೆಯವರು, ದಾಮೋದರರಾಯರು, ಸೊಲ್ಲಾಪುರದ ಒಂದು ಕಚೇರಿಯಲ್ಲಿ ಕಾರಕೂನರು. ಅಲ್ಲಿ ನಿಯಮಪುಸ್ತಕದಲ್ಲಿ ಏನಾದರೂ ಬದಲಾದರೆ ಹಳೆಯದನ್ನು ಹೊಡೆದುಹಾಕುವುದಿಲ್ಲ. ದುರುಸ್ತಿ ಚೀಟಿ ಬರೆದು ಅದರ ಮೇಲೆ ಅಂಟಿಸುತ್ತಾರೆ. ಆ ರೋಗವನ್ನು ಇವರು ಮನೆಗೂ ತಂದರು.

ಎಪ್ಪತ್ತೆರಡರಲ್ಲಿ ನಮ್ಮ ಓಣಿಯ ವ್ಯಾಪಾರಿ ಸಾತಲಿಂಗಪ್ಪನವರು ಹೊಲಿಗೆ ಯಂತ್ರದ ಪೆಡಲ್ ಜೋಡಿಸಿ ಸೇಂಗಾ ಚಟ್ನಿ ಕುಟ್ಟುವ ಯಂತ್ರ ಮಾಡಿದರು. ಗುಟ್ಟು ಮುಚ್ಚಿಡಲಿಲ್ಲ. ಯಾರು ಬೇಕಾದರೂ ನೋಡಿ ಮಾಡಿಕೊಳ್ಳಲಿ, ಸುಧಾರಿಸಿದರೆ ಎಲ್ಲರಿಗೂ ತಿಳಿಸಲಿ ಎಂದರು. ಕುಂಭಾರಿ, ಮಂಗಳವೇಢೆ, ಅಕ್ಕಲಕೋಟೆ ಎಲ್ಲ ಸೇರಿ ಹದಿಮೂರು ಯಂತ್ರಗಳಾದವು. ಅವನ್ನು ನಡೆಸುವ ರೀತಿಯನ್ನು ಬರೆದಿಡುವ ಕೆಲಸವನ್ನು, ಯಾರೂ ಕೇಳದಿದ್ದರೂ, ಇವರು ಹೊತ್ತುಕೊಂಡರು. ಅರವತ್ತು ಪುಟದ ವಹಿ, ಹದಿಮೂರು ಪ್ರತಿ, ಎಲ್ಲ ಕೈಬರಹ. ಆಮೇಲೆ ಎಲ್ಲೋ ಒಂದು ತಿರುಪು ಬದಲಾದರೂ ಹದಿಮೂರು ಮನೆಗೆ ಅಂಚೆಯಲ್ಲಿ ದುರುಸ್ತಿ ಚೀಟಿ ಹೋಗಬೇಕು. ವಿಳಾಸ ಬರೆದು ಬರೆದು ನನಗೆ ಸಾಕಾಗಿತ್ತು.

ಎರಡು ವರ್ಷ ಯಾರಿಂದಲೂ ಒಂದು ಮರುಮಾತಿಲ್ಲ. ಪೋಸ್ಟಮನ್ ಬಂದರೆ ಇವರು ಊಟ ಬಿಟ್ಟು ಏಳುತ್ತಿದ್ದರು.

"ಯಾರರೆ ಓದತಾರೋ ಇಲ್ಲೋ, ಅಷ್ಟ ಗೊತ್ತಾದ್ರ ಸಾಕ ನೋಡು," ಎನ್ನುತ್ತಿದ್ದರು. ನನಗೆ ಸಿಟ್ಟೂ ಬರುತ್ತಿತ್ತು, ಅಯ್ಯೋ ಪಾಪ ಅಂತಲೂ ಅನಿಸುತ್ತಿತ್ತು.

ಒಂದು ದಿನ ಅಕ್ಕಲಕೋಟೆಯಲ್ಲಿ ಯಂತ್ರ ನಡೆಸುವ ಗಂಗುಬಾಯಿಯಿಂದ ಕಾರ್ಡು ಬಂತು. ಒಂದೇ ಸಾಲು: ತಾಬಡತೋಬ ಬರ್ರಿ. ಇಷ್ಟು ತುರ್ತಾಗಿ ಕರೆದಿದ್ದಾಳೆಂದು ಇವರು ರಜೆ ಹಾಕಿ, ಇಸ್ತ್ರಿ ಮಾಡಿದ ಕೋಟು ತೊಟ್ಟು, ನನ್ನನ್ನೂ ಎಸ್‌ಟಿ ಬಸ್ಸಿಗೆ ಹತ್ತಿಸಿದರು.

ಗಂಗುಬಾಯಿಯ ಮನೆಯಲ್ಲಿ ಜಂತಿಯಿಂದ ಚಟ್ನಿ ಉದುರುತ್ತಿತ್ತು. ಗೋಡೆ ಕೆಂಪು, ಗಡಿಯಾರ ಕೆಂಪು, ಆಕೆಯ ಕಣ್ಣಂತೂ ಇನ್ನೂ ಕೆಂಪು.

"ರಾವಸಾಹೇಬ್ರ, ಹೋದ ವಾರ ಬಂದ ಹದಿನೇಳನೇ ಚೀಟಿ ಯಾರು ಬರದಾರ?"

"ನಾನರಿ."

"ನಾಕನೇ ಕೆಲಸ ಆರನೇದ್ರ ನಂತರ ಮಾಡ್ರಿ ಅಂತ ಬರದೀರಿ. ನಾಕನೇದು ಮುಚ್ಚಳ ಹಾಕೂದು. ಆರನೇದು ಪೆಡಲ್ ತುಳಿಯೂದು. ನನಗೂ ಸಂಶೇ ಬಂದಿತ್ತು. ಬರದವ್ರು ಶಾಣ್ಯಾರು ಅಂತ ತಿಳಕೊಂಡು ಹಂಗ ಮಾಡಿದ್ನಿ."

ಇವರು ಆಕೆಯ ವಹಿ ತೆರೆದು ನೋಡಿದರು. ಹದಿನೇಳು ಚೀಟಿಗಳೂ ತಮ್ಮ ತಮ್ಮ ಜಾಗದಲ್ಲಿ ನೆಟ್ಟಗೆ ಅಂಟಿದ್ದವು. ಪುಟಪುಟಕ್ಕೂ ಪೆನ್ಸಿಲ್ ಗೆರೆ.

"ಇಪ್ಪತ್ತೊಂದನೇ ಪುಟದಾಗ ಎಣ್ಣಿ ಬಿಡೂ ತೂತು ಎಡಕ್ಕ ಐತಿ ಅಂತೀರಿ, ಮೂವತ್ತರಾಗ ಬಲಕ್ಕ. ಐವತ್ತೆಂಟರಾಗ ಮಾತು ಅರ್ಧಕ್ಕ ಬಿಟ್ಟು ಎದ್ದು ಹೋಗೀರಿ."

ಒಂದು ತಾಸು ಬೈದಳು. ಇವರು ಕೋಟಿನ ಕಿಸೆಯಿಂದ ಕಾಗದ ತೆಗೆದು ಎಲ್ಲವನ್ನೂ ಬರೆದುಕೊಂಡರು, ನಡುವೆ ಒಂದೆರಡು ಸಲ "ಇನ್ನೂ ಏನರೆ ಅದನೂ?" ಎಂದು ತಾವೇ ಕೇಳಿದರು. ಆಮೇಲೆ ನಾವಿಬ್ಬರೂ ಸಂಜೆಯವರೆಗೆ ಆಕೆಯ ಗೋಡೆ ತೊಳೆದೆವು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ತಡೆಯಲಾರದೆ ಕೇಳಿದೆ. "ಉಳದ ಹನ್ನೆರಡು ಮನಿಗೂ ಇದ ಚೀಟಿ ಹೋಗೇದಲ್ರಿ. ಅಲ್ಲಿ ಏನೂ ಆಗಿಲ್ಲಲ್ಲ?"

"ಅವ್ರು ಯಾರೂ ಓದಿಲ್ಲ, ಅದಕ್ಕ," ಎಂದರು. ಕುಂಭಾರಿ ದಾಟಿದ ಮೇಲೆ ಕಿಸೆಯ ಕಾಗದ ತೆಗೆದು ಮತ್ತೊಮ್ಮೆ ನೋಡಿದರು. "ಆದ್ರ ಆಕಿ ಐವತ್ತೆಂಟನೇ ಪುಟದ ತನಕಾ ಓದ್ಯಾಳ."

ಕಣ್ಣು ಒರೆಸಿಕೊಂಡು, ಖಾರ ಹತ್ತಿದೆ ಎಂದರು. ಮದುವೆಯ ದಿನವೂ ಅವರನ್ನು ಇಷ್ಟು ಖುಷಿಯಾಗಿ ನಾನು ಕಂಡಿರಲಿಲ್ಲ.