ಗೇಣುದ್ದದ ಕಬ್ಬಿಣ

ಮರಿಯಪ್ಪನ ಜಿಪ್ಸಿ ಹುಚ್ಚು ಇವತ್ತು ನಿನ್ನೆಯದಲ್ಲ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಇಪ್ಪತ್ತು ವರ್ಷ ಲೇತ್ ಮುಂದೆ ನಿಂತು ಕಬ್ಬಿಣ ಕಡೆದ ಮನುಷ್ಯ ಅವನು. ರಸ್ತೆಯಲ್ಲಿ ಆ ಪುಟ್ಟ ಜೀಪು ಕಂಡರೆ ಸಾಕು, ಸ್ಕೂಟರ್ ನಿಲ್ಲಿಸಿ ಕತ್ತು ತಿರುಗಿಸಿ ನಿಂತುಬಿಡುತ್ತಿದ್ದ. "ಹುಡ್ಗೀರ್ನ ಹಿಂಗೆ ನೋಡಿದ್ರೂ ಸಹಿಸ್ಕೋತಿದ್ದೆ ಕಣ್ರೀ" ಎಂದು ಹೆಂಡತಿ ಕೋಕಿಲಾ ರೇಗಿಸುತ್ತಿದ್ದಳು.

ಎರಡು ಸಾವಿರದ ಆರನೇ ಇಸವಿಯ ಆಷಾಢದಲ್ಲಿ, ಕೆಂಗೇರಿ ಪಕ್ಕದ ಹಳೇ ಊರಿನಲ್ಲಿ ಒಂದು ಜಿಪ್ಸಿ ಹುಣಸೆಮರದಡಿ ಮೂರು ವರ್ಷದಿಂದ ನಿಂತಿದೆ ಎಂಬ ಸುದ್ದಿ ಬಂತು. ಆಷಾಢದಲ್ಲಿ ಯಾರೂ ಗಾಡಿ ಕೊಳ್ಳುವುದಿಲ್ಲ, ಆದ್ದರಿಂದ ಕೊಳ್ಳುವವನಿಗೆ ಅದೇ ಸುಗ್ಗಿ. ಕಾಮಾಕ್ಷಿಪಾಳ್ಯದ ಮೆಕ್ಯಾನಿಕ್ ವೀರೇಶ ಕೊಪ್ಪಳದ ಕಡೆಯವನು, ಇಂಥ ವ್ಯಾಪಾರದಲ್ಲಿ ಪಳಗಿದವನು. ಅವತ್ತು ಅವನಿಗೆ ಬಿಡುವಿರಲಿಲ್ಲ. ಪಾಠ ಮಾತ್ರ ಹೇಳಿ ಕಳಿಸಿದ.

"ಮರಿಯಪ್ಪಣ್ಣ, ಎಂಜಿನ್ ಸುದ್ದಿ ತೆಗೀಬ್ಯಾಡ್ರಿ. ಎಂಜಿನ್ ಅಂದ್ರ ವಾದಕ್ಕ ನಿಲ್ತಾರ. ಸ್ಟೀರಿಂಗ್ ಹೋಗೇತಿ ಅನ್ರಿ. ಜೀವದ ಮಾತು ಬಂತಂದ್ರ ಯಾರೂ ಬಾಯಿ ಬಿಚ್ಚಂಗಿಲ್ಲ."

ಗಾಡಿಯ ಯಜಮಾನ ಹನುಮಂತಯ್ಯನಿಗೆ ಎಪ್ಪತ್ತು ಸಮೀಪಿಸಿತ್ತು. ಹೊಲವೆಲ್ಲ ಲೇಔಟ್ ಆಗಿ, ಬಂದ ದುಡ್ಡಿನಲ್ಲಿ ಕಟ್ಟಿಸಿದ ಮನೆಯಲ್ಲಿ ಒಬ್ಬನೇ ಇದ್ದ. ಗಾಡಿಯ ಎಡ ಮೂತಿ ಜಜ್ಜಿಹೋಗಿತ್ತು. "ಮರಕ್ಕೆ ಹೊಡೀತು" ಎಂದ, ಅಷ್ಟೇ. ಮರಿಯಪ್ಪ ಟಾರ್ಚ್ ಹಿಡಿದು ಗಾಡಿಯ ಕೆಳಗೆ ನುಗ್ಗಿದ. ಅಯ್ಯೋ, ಏನು ಗಾಡಿ ಅಂತೀರಿ! ಅಡಿಯ ಚೌಕಟ್ಟು, ಚಾಸಿ, ಕಲ್ಲಿನ ಹಾಗಿತ್ತು. ಎದ್ದು ಬಂದವನು ಮುಖ ಸಪ್ಪೆ ಮಾಡಿಕೊಂಡ.

"ಯಜಮಾನ್ರೇ, ಸ್ಟೀರಿಂಗ್ ಬಾಕ್ಸ್ ಕೆಳಗೆ ಗೇಣುದ್ದದ ಕಬ್ಬಿಣದ ತೋಳು ಇರುತ್ತಲ್ಲ, ಡ್ರಾಪ್ ಆರ್ಮ್ ಅಂತಾರೆ, ಅದು ಬಿರುಕು ಬಿಟ್ಟಿದೆ. ಹಳೇ ಬಿರುಕು. ಇದನ್ನ ಓಡಿಸ್ತಿದ್ದೋರು ಬದುಕಿದ್ದೇ ಪುಣ್ಯ."

ಸುಳ್ಳು ಹೇಳಿದರೆ ಸತ್ಯದ ತಲೆ ಮೇಲೆ ಹೊಡೆದ ಹಾಗಿರಬೇಕು ಎನ್ನುತ್ತಾರಲ್ಲ, ಹಾಗಿತ್ತು. ಹನುಮಂತಯ್ಯ ಜಗಲಿಯ ಕಂಬ ಹಿಡಿದುಕೊಂಡ. "ಹಳೇ ಬಿರುಕಾ? ಮೂರು ವರ್ಷದ ಹಿಂದೇನೂ ಇತ್ತಾ?" ಎಂದು ಕೇಳಿದ.

"ಇದ್ದೇ ಇರುತ್ತೆ."

"ತಗೊಂಡ್ಹೋಗಪ್ಪ. ಏನು ಕೊಡ್ತೀಯೋ ಕೊಡು. ಮೊದಲು ಇಲ್ಲಿಂದ ತಗೊಂಡ್ಹೋಗು."

ಮುದುಕ ಇಷ್ಟು ಬೇಗ ಬಗ್ಗಿದನಲ್ಲ ಎಂದು ಮರಿಯಪ್ಪ ಹಿಗ್ಗಿದ. ಆ ಮುಖ ಯಾಕೆ ಹಾಗೆ ಬೂದಿ ಬಣ್ಣಕ್ಕೆ ತಿರುಗಿತು ಎಂದು ಕೇಳುವ ವ್ಯವಧಾನ ಅವನಿಗೆಲ್ಲಿತ್ತು? ಕೊಟ್ಟ ಪೇಪರನ್ನೂ ಓದದೆ ಜೇಬಿಗೆ ಸೇರಿಸಿ, ಗಾಡಿಗೆ ಹಗ್ಗ ಕಟ್ಟಿಸಿ ಎಳೆಸಿಕೊಂಡು ಹೊರಟುಬಿಟ್ಟ.

ಶ್ರಾವಣವೆಲ್ಲ ಕೆಲಸವೋ ಕೆಲಸ. ಟಿಂಕರಿಂಗ್‌ನವನು ಮೂತಿಯನ್ನು ಬಡಿದು ನೇರ ಮಾಡಿದ. ತುಕ್ಕು ತಿಂದಿದ್ದ ನೆಲದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆದರು. ಸ್ಪ್ರಿಂಗ್ ಪಟ್ಟಿಗಳ ಬುಷ್‌ಗಳನ್ನು ಮರಿಯಪ್ಪ ತಾನೇ ಕಡೆದ. ಕಾರ್ಬೊರೇಟರ್ ಬಿಚ್ಚಿ ತೊಳೆದ ಸಂಜೆ ಎಂಜಿನ್ ಕೆಮ್ಮಿ ಕೆಮ್ಮಿ ಕೊನೆಗೆ ಸ್ಟಾರ್ಟಾಯಿತು. ನಾಲ್ಕು ಚಕ್ರದ ಗೇರು ಹಾಕಿ ಗ್ಯಾರೇಜಿನ ಮುಂದಿನ ಮಣ್ಣುಗುಡ್ಡೆ ಹತ್ತಿಸಿದಾಗ ಅವನು ಚಿಕ್ಕ ಮಕ್ಕಳ ಹಾಗೆ ಕೇಕೆ ಹಾಕಿದ.

"ಸ್ಟೀರಿಂಗ್ ಏನರ ಮುಟ್ಟೂದೇನ್ರಿ?" ಎಂದು ವೀರೇಶ ಕೇಳಿದ. ತಾನೇ ನಕ್ಕು, "ಇನ್ನೂ ಇಪ್ಪತ್ತು ವರ್ಷ ಹೊಡೀರಿ, ಏನೂ ಆಗಂಗಿಲ್ಲ" ಎಂದ.

ಪೇಪರ್ ಹೆಸರು ಬದಲಾಯಿಸಲು ಕೊಟ್ಟಾಗ ಆರ್‌ಟಿಒ ಏಜೆಂಟ್ ಫೋನ್ ಮಾಡಿದ. "ಸಾರ್, ಆರ್‌ಸಿ ಇರೋದು ಬೋರಮ್ಮ ಅನ್ನೋರ ಹೆಸರಲ್ಲಿ. ಅವರ ಸೈನ್ ಬೇಕು. ತೀರ್ಕೊಂಡಿದ್ರೆ ಡೆತ್ ಸರ್ಟಿಫಿಕೇಟು, ಜೊತೆಗೆ ಮನೆಯೋರೆಲ್ಲರ ಒಪ್ಪಿಗೆ ಸೈನು ಬೇಕು."

ಆ ಭಾನುವಾರ ಮರಿಯಪ್ಪ ಮತ್ತೆ ಹನುಮಂತಯ್ಯನ ಮನೆಗೆ ಹೋದ. ಈ ಸಲ ಮನೆಯಲ್ಲಿ ಇನ್ನೂ ಇಬ್ಬರಿದ್ದರು: ಮಗ ರೇವಂತ್ ಮತ್ತು ಸೊಸೆ ದಿವ್ಯ. ಮುದುಕ ಓಡಿಬಂದು ಮರಿಯಪ್ಪನ ಎರಡೂ ಕೈ ಹಿಡಿದುಕೊಂಡ.

"ಬಾರಪ್ಪಾ, ದೇವರು ಬಂದ ಹಾಗೆ ಬಂದೆ ನೀನು. ಮೈಸೂರು ರಸ್ತೇಲಿ ಇವನು ಓಡಿಸ್ತಿದ್ದ, ಪಕ್ಕದಲ್ಲಿ ಇವರಮ್ಮ ಕೂತಿದ್ಲು. ಗಾಡಿ ಹೋಗಿ ಮರಕ್ಕೆ ಹೊಡೀತು. ಬೋರಮ್ಮ ಅಲ್ಲೇ ಹೋದ್ಲು. 'ಸ್ಟೀರಿಂಗ್ ಎಳೀತು ಅಪ್ಪಾ' ಅಂತ ಇವನು ಬಡ್ಕೊಂಡ. ಸುಳ್ಳು ಬೊಗಳ್ತೀಯಾ, ಅವ್ವನ್ನ ತಿಂದ್ಕೊಂಡೋನೇ ಅಂತ ಹೊಸಿಲು ದಾಟಿಸ್ಬಿಟ್ಟೆ. ಮೂರು ವರ್ಷ ಮಹಾಲಕ್ಷ್ಮಿ ಲೇಔಟಲ್ಲಿ ಬಾಡಿಗೆ ಮನೇಲಿದ್ದ, ಒಂದು ದಿನಾನೂ ಮುಖ ನೋಡ್ಲಿಲ್ಲ. ನೀನು ಬಂದು ಬಿರುಕಿದೆ ಅಂತ ಹೇಳಿದ್ಮೇಲೆ ಹೋಗಿ ಕ್ಷಮಿಸಪ್ಪಾ ಅಂದೆ. ಗಾಡೀನ ಸರ್ವೀಸಿಗೆ ಬಿಡೋಣ ಅಂತ ಬೋರಮ್ಮ ಹೇಳ್ತಾನೇ ಇದ್ಲು. ಜಿಪುಣ ನಾನು, ಬಿಡ್ಲಿಲ್ಲ. ಕೊಂದೋನು ಇವನಲ್ಲ, ನಾನು."

ಈಗಲೇ ಹೇಳಿಬಿಡು ಎಂದು ಮರಿಯಪ್ಪನ ಮನಸ್ಸು ತಿವಿಯಿತು. ಹೇಳಿದರೆ ಮಗ ಮತ್ತೆ ಹೊಸಿಲಾಚೆ ಹೋಗಬೇಕು. ಹೇಳದಿದ್ದರೆ ಈ ಮುದುಕ ಹೆಂಡತಿಯನ್ನು ಕೊಂದವನಾಗಿ ಸಾಯಬೇಕು. ಇದರ ನಡುವೆ ಇನ್ನೊಂದು ಯೋಚನೆಯೂ ಹೆಡೆ ಎತ್ತಿತ್ತು, ಅದನ್ನು ಮುಚ್ಚಿಡುವುದೇಕೆ? ಹೇಳಿದರೆ ಸೈನ್ ಸಿಗುವುದಿಲ್ಲ, ಗಾಡಿ ಹೋಗುತ್ತದೆ. ಥೂ, ಇಂಥ ಹೊತ್ತಿನಲ್ಲೂ ಗಾಡಿ! ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಪೇಪರ್ ಮುಂದಿಟ್ಟ. ಅಪ್ಪ ಸೈನ್ ಹಾಕಿದ. ಮಗನೂ ಹಾಕಿದ, ಒಂದು ಸಲವೂ ತಲೆ ಎತ್ತದೆ.

"ಒಂದು ಉಪಕಾರ ಮಾಡಪ್ಪ" ಎಂದ ಹನುಮಂತಯ್ಯ. "ಬಿರುಕು ಬಿಟ್ಟ ಆ ಹಳೇ ಕಬ್ಬಿಣ ಬಿಸಾಕ್ಬೇಡ. ಆಯುಧಪೂಜೆ ದಿನ ಗಾಡಿ ತಂದು ತೋರಿಸು, ಹಂಗೇ ಅದನ್ನೂ ತಂದ್ಕೊಡು. ಬೋರಮ್ಮನ ಫೋಟೋ ಮುಂದೆ ಇಡ್ತೀನಿ. ದಿನಾ ನೋಡ್ಬೇಕು ನಾನು."

ಮರಿಯಪ್ಪ ತಲೆಯಾಡಿಸಿಬಿಟ್ಟ.

ಮುಂದಿನ ಒಂದು ತಿಂಗಳು ಅವನಿಗೆ ಅನ್ನ ರುಚಿಸಲಿಲ್ಲ. "ಆಸೆಪಟ್ಟ ಗಾಡಿ ಬಂತಲ್ಲ, ಇನ್ನೇನಾಯ್ತು ನಿಮಗೆ?" ಎಂದು ಕೋಕಿಲಾ ಕೇಳಿದರೆ ಉರಿದುಬೀಳುತ್ತಿದ್ದ. ಹಬ್ಬದ ಹಿಂದಿನ ವಾರ ಆ ತೋಳನ್ನು ಬಿಚ್ಚಿಸಿ ಹೊಸದನ್ನು ಹಾಕಿಸಿದ. ಹಳೆಯದನ್ನು ಎಸ್ಟೇಟಿಗೆ ಒಯ್ದು, ಊಟದ ಬಿಡುವಿನಲ್ಲಿ ಮೇಜಿನ ಇಕ್ಕಳಕ್ಕೆ, ವೈಸಿಗೆ, ಕಚ್ಚಿಸಿದ. ಇಪ್ಪತ್ತು ವರ್ಷದಲ್ಲಿ ಒಂದು ತುಣುಕನ್ನೂ ಕೆಡಿಸಿದವನಲ್ಲ. ಒಂದು ಕೂದಲಿನಷ್ಟು ಹೆಚ್ಚುಕಡಿಮೆಯಾದರೂ ತಾನೇ ಪಕ್ಕಕ್ಕೆ ಎಸೆಯುತ್ತಿದ್ದವನು. ಅದೇ ಕೈಯಲ್ಲಿ ಎಲ್ಲಕ್ಕಿಂತ ಸಣ್ಣ ಗರಗಸ ಹಿಡಿದು, ಏನೂ ತಪ್ಪು ಮಾಡದ ಕಬ್ಬಿಣಕ್ಕೆ ಬಿರುಕು ಕೊಯ್ದ. ಉಪ್ಪುನೀರು ಸವರಿ ತುಕ್ಕು ಬರಿಸಿದ.

ಆಯುಧಪೂಜೆಯ ದಿನ ಜಿಪ್ಸಿ ಬಾಳೆಕಂದು, ಸೇವಂತಿಗೆ ಹಾರ ತೊಟ್ಟು ಹುಣಸೆಮರದಡಿ ಬಂದು ನಿಂತಿತು. ಹನುಮಂತಯ್ಯ ಗಾಡಿಯ ಕಡೆ ನೋಡಲೇ ಇಲ್ಲ. ಮರಿಯಪ್ಪ ಕೊಟ್ಟ ಪೊಟ್ಟಣದ ಪೇಪರ್ ಬಿಚ್ಚಿ, ಕಬ್ಬಿಣವನ್ನು ಅಂಗೈಯಲ್ಲಿಟ್ಟುಕೊಂಡು ಬಿರುಕಿನ ಮೇಲೆ ಹೆಬ್ಬೆರಳು ಆಡಿಸಿದ.

"ಇಷ್ಟು ಸಣ್ಣದಾ?" ಎಂದ. "ಇಷ್ಟು ಸಣ್ಣದಕ್ಕೆ ಹೋದ್ಲಾ ನನ್ನವಳು?" ಅದೇ ಕಬ್ಬಿಣದಿಂದ ಹಣೆಗೆ ಪಟಪಟ ಬಡಿದುಕೊಳ್ಳತೊಡಗಿದ.

ರೇವಂತ್ ಧಾವಿಸಿ ಆ ಕೈ ಹಿಡಿದ. "ಬೇಡ ಅಪ್ಪಾ! ಅದಲ್ಲ ಅಪ್ಪಾ! ಸ್ಟೀರಿಂಗ್ ಎಳೀಲಿಲ್ಲ. ನಾನು ಮೊಬೈಲಲ್ಲಿ ಮೆಸೇಜ್ ನೋಡ್ತಿದ್ದೆ. ಅಮ್ಮ 'ರಸ್ತೆ ನೋಡೋ' ಅಂತ ಕೂಗಿದ್ಲು. ನಾನೇ ಅಪ್ಪಾ, ನಾನೇ" ಎಂದು ಅಲ್ಲೇ ಕುಸಿದು ಕೂತ.

ಬಾಗಿಲಲ್ಲಿ ನಿಂತಿದ್ದ ದಿವ್ಯಳ ಕೈಯಲ್ಲಿ ಆರತಿತಟ್ಟೆ ಹಾಗೇ ಇತ್ತು. ಮರಿಯಪ್ಪ ಈಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಸವರಿಕೊಂಡು ನಿಂತ.

ಹನುಮಂತಯ್ಯ ಬಗ್ಗಿ ಮಗನ ನೆತ್ತಿಯ ಮೇಲೆ ಕೈ ಇಟ್ಟ. "ಈ ಮಾತಿಗೇ ಕಣೋ ಮೂರು ವರ್ಷ ಕಾದಿದ್ದು" ಎಂದ. "ಏಳು. ಒಳಗೆ ಹೋಗು, ಅವ್ವನಿಗೆ ಕೈಮುಗಿ. ಊಟಕ್ಕೆ ಎಲೆ ಹಾಕಿಸು."

ಮಗ ಒಳಗೆ ಹೋದ ಮೇಲೆ ಮುದುಕ ಕಬ್ಬಿಣವನ್ನು ಬಿಸಿಲಿಗೆ ಹಿಡಿದು ಹತ್ತಿರದಿಂದ ನೋಡಿದ.

"ಕುಡುಗೋಲಿಗೆ ಹಲ್ಲು ಕಟ್ಟಿಸಿದ ಕೈ ಇದು" ಎಂದ. "ಗರಗಸದ ಗೆರೆ ಗೊತ್ತಾಗುತ್ತೆ. ಕುಯ್ದಿದ್ದು ನೀನಾ?"

"ಹೌದು, ಯಜಮಾನ್ರೇ."

"ಅವತ್ತು ಹೇಳಿದ್ದೂ ಸುಳ್ಳಾ?"

"ಹೌದು. ರೇಟು ಇಳೀಲಿ ಅಂತ. ಗಾಡಿ ವಾಪಸ್ ಬಿಟ್ಟು ಹೋಗ್ತೀನಿ, ತಪ್ಪಾಯ್ತು."

"ಗಾಡಿ ನನಗ್ಯಾಕೆ?" ಹನುಮಂತಯ್ಯ ಬೈಯಲಿಲ್ಲ, ಕೂಗಾಡಲಿಲ್ಲ. ಬೈದಿದ್ದರೆ ಮರಿಯಪ್ಪ ಬದುಕಿಕೊಳ್ಳುತ್ತಿದ್ದ. ಕಬ್ಬಿಣವನ್ನು ಅದೇ ಪೇಪರಿನಲ್ಲಿ ಸುತ್ತಿ ಅವನ ಕೈಗಿಟ್ಟ. "ಇದು ನಂದಲ್ಲ, ನನ್ನ ಮಗಂದೂ ಅಲ್ಲ. ನಿಂದು. ತಗೊಂಡ್ಹೋಗಿ ನಿಮ್ಮನೇಲಿ ಇಟ್ಕೊ."

ಒಳಗಿನಿಂದ ದಿವ್ಯ "ಮಾವ, ಅವರಿಗೂ ಎಲೆ ಹಾಕ್ಲಾ?" ಎಂದು ಕೇಳಿದಳು.

"ಬೇಡಮ್ಮ, ಅವರು ಹೊರಟ್ರು" ಎಂದ ಮುದುಕ.

ಮೈಸೂರು ರಸ್ತೆಯುದ್ದಕ್ಕೂ ಜಿಪ್ಸಿ ಬಾಣದಂತೆ ನೇರ ಓಡಿತು, ಸ್ಟೀರಿಂಗ್ ಒಂದಿಷ್ಟೂ ಎಳೆಯಲಿಲ್ಲ. ಬೋರಮ್ಮ ಕೂತಿದ್ದ ಸೀಟಿನ ಮೇಲೆ ಆ ಪೊಟ್ಟಣವಿತ್ತು. ಮರಿಯಪ್ಪ ಅದರ ಕಡೆ ತಿರುಗಲಿಲ್ಲ, ರಸ್ತೆಯನ್ನೇ ನೋಡುತ್ತಾ ಮನೆಗೆ ಬಂದ.